ಬೆಳ್ಳಂಬೆಳಗ್ಗೆ ನರಿ ಮುಖ

ಕನ್ನಡದ ಸಂಸಾರವೊಂದು ಎಲ್ಲಿಗಾದರೂ ಹೊರಡುವುದರಲ್ಲಿ ಎರಡು ಹಂತಗಳಿವೆ. ಮೊದಲನೆಯದು ‘ಹೊರಟ್ವಿ, ಹೊರಟ್ವಿ’ ಅನ್ನುವುದು. ಎರಡನೆಯದು ಹೊರಡುವುದು. ಇವೆರಡರ ನಡುವೆ ಒಬ್ಬರು ಗ್ಯಾಸ್ ಆಫ್ ಆಗಿದೆಯಾ ಎಂದು ನೋಡಿ ಬರುತ್ತಾರೆ, ಒಬ್ಬರಿಗೆ ಮತ್ತೊಮ್ಮೆ ಬಾತ್‌ರೂಮಿಗೆ ಹೋಗಬೇಕೆನಿಸುತ್ತದೆ, ಇನ್ನೊಬ್ಬರು ಊರಿನಿಂದ ಬಂದ ಫೋನ್ ಎತ್ತಿ ಸೋಫಾದ ಮೇಲೆ ಕೂತುಬಿಡುತ್ತಾರೆ. ಜಪಾನಿನಲ್ಲಿ ಹೊರಡುವುದಕ್ಕೆ ಒಂದೇ ಹಂತ. ಐದೂವರೆ ಎಂದರೆ ಐದು ಇಪ್ಪತ್ತೈದಕ್ಕೆ ಬಂದವನು ಸರಿಯಾದ ಹೊತ್ತಿಗೆ ಬಂದ ಹಾಗೆ. ಐದೂವರೆಗೇ ಬಂದವನು ತಡವಾಗಿ ಬಂದ ಹಾಗೆ. ಈ ಎರಡು ಸಂಪ್ರದಾಯಗಳನ್ನು ಕ್ಯೋಟೊದಲ್ಲಿ ಮುಖಾಮುಖಿ ಮಾಡಿಸಿದ ಕೀರ್ತಿ ನಮ್ಮನೆಯವರದು.

ನಾವಿರುವುದು ಟೋಕಿಯೊದ ನಿಶಿ-ಕಸಾಯಿಯಲ್ಲಿ. ತೊಗರಿಬೇಳೆ, ಹಿಂಗು, ಕರಿಬೇವು ನಡೆದುಹೋಗುವಷ್ಟು ದೂರದಲ್ಲೇ ಸಿಗುವ, ಸಂಜೆ ಪಾರ್ಕಿಗೆ ಹೋದರೆ ನಾಲ್ಕಾರು ಭಾರತೀಯ ಭಾಷೆಗಳು ಕಿವಿಗೆ ಬೀಳುವ ಬಡಾವಣೆ. ಹೀಗಾಗಿ ಶಿವಮೊಗ್ಗದಿಂದ ಬಂದ ಅತ್ತೆ ಮಾವನಿಗೆ ಹೊತ್ತು ಹೋಗದೆ ಇರುವ ಪ್ರಶ್ನೆಯೇ ಇಲ್ಲ. ಆದರೆ ಅಷ್ಟು ಸಾಲದು. ತೊಂಬತ್ತು ದಿನದ ವೀಸಾದ ಮೇಲೆ ಬಂದ ತಂದೆತಾಯಿಗೆ ಮಗ ಸೊಸೆ ಏನೇನು ತೋರಿಸಿದರು ಎಂಬ ಲೆಕ್ಕವನ್ನು ಪಾರ್ಕಿನ ಬೆಂಚಿನ ಮೇಲೆ ಬೇರೆಯವರ ತಂದೆತಾಯಿಗಳು ಆಡಿಟ್ ಮಾಡುತ್ತಾರೆ. ಧಾರವಾಡದ ಅಜ್ಜಿಯೊಬ್ಬರು “ಇನ್ನೂ ಕ್ಯೋಟೊ ನೋಡಿಲ್ಲೇನ್ರೀ?” ಎಂದು ಕೇಳಿದ ರಾತ್ರಿಯೇ ಶಿಂಕಾನ್ಸೆನ್ ರೈಲಿನ ಟಿಕೆಟ್ ಬುಕ್ ಆಯಿತು.

ಕ್ಯೋಟೊ 794ರಿಂದ ಸಾವಿರ ವರ್ಷಕ್ಕೂ ಮಿಕ್ಕಿ ಜಪಾನಿನ ರಾಜಧಾನಿಯಾಗಿತ್ತು. ಅಷ್ಟು ಕಾಲ ಪುರುಸೊತ್ತಾಗಿ ಕಟ್ಟಿದ ಗುಡಿಗಳನ್ನು ನೋಡಲು ಈಗ ಲೋಕವೆಲ್ಲ ಬೆಳಗ್ಗೆ ಹತ್ತು ಗಂಟೆಗೆ ಒಟ್ಟಿಗೇ ಬಂದಿಳಿಯುತ್ತದೆ. ಜಾತ್ರೆಗೆ ಸಿಕ್ಕಬಾರದೆಂದರೆ ಬೆಳಕು ಹರಿಯುವಾಗಲೇ ಹೋಗಬೇಕು ಎಂದು ನಮ್ಮನೆಯವರು ಎಲ್ಲೋ ಓದಿ, ಮುಂಜಾನೆಯ ಗೈಡೆಡ್ ಟೂರ್ ಒಂದನ್ನು ಹಿಡಿದು, ಅದರ ಸುತ್ತ ಒಂದು ಎಕ್ಸೆಲ್ ಶೀಟ್ ಕಟ್ಟಿದರು. ಅದರಲ್ಲಿ ‘ಅಮ್ಮನ ಸ್ನಾನ: 10 ನಿಮಿಷ’ ಎಂಬ ಸಾಲಿತ್ತು. ಮೂವತ್ತೆಂಟು ವರ್ಷದಿಂದ ಆಕೆಯ ಮಗನಾಗಿರುವ ಮನುಷ್ಯ ಬರೆದ ಸಾಲು ಅದು.

ನಿಜ ಹೇಳಬೇಕೆಂದರೆ ಅತ್ತೆಯಿಂದ ಒಂದು ನಿಮಿಷವೂ ತಡವಾಗಲಿಲ್ಲ. ಸ್ನಾನವಿಲ್ಲದೆ ದೇವಸ್ಥಾನದ ಮೆಟ್ಟಿಲು ಹತ್ತದವರು ಮೂರೂಮುಕ್ಕಾಲಿಗೇ ಎದ್ದು, ಶಿವಮೊಗ್ಗದಿಂದ ತಂದ ಚೊಂಬಿನಲ್ಲಿ, ನೆಟ್ಟಗೆ ನಿಂತರೆ ಮೊಣಕೈ ಗೋಡೆಗೆ ತಾಗುವ ಹೋಟೆಲಿನ ಬಾತ್‌ರೂಮಿನಲ್ಲಿ ಮಿಂದು, ಮಡಿ ಸೀರೆಯುಟ್ಟು, ಹಿಂದಿನ ರಾತ್ರಿಯೇ ಇಳಿಸಿಟ್ಟಿದ್ದ ಡಿಕಾಕ್ಷನ್‌ಗೆ ಬಿಸಿಹಾಲು ಬೆರೆಸಿ ಫ್ಲಾಸ್ಕ್ ತುಂಬಿ, ಬಾಗಿಲ ಬಳಿ ಚಪ್ಪಲಿ ಹಾಕಿಕೊಂಡು ನಿಂತಿದ್ದರು. ತಡ ಮಾಡಿದ್ದು ಎಕ್ಸೆಲ್ ಬರೆದವರು. ಲಿಫ್ಟ್ ಇಳಿದ ಮೇಲೆ ಪವರ್ ಬ್ಯಾಂಕ್ ನೆನಪಾಯಿತು; ತರಲು ಹೋದವರಿಗೆ ರೂಮಿನ ಕಾರ್ಡ್ ನನ್ನ ಪರ್ಸಿನಲ್ಲಿದೆ ಎಂಬುದು ಏಳನೇ ಮಹಡಿಯಲ್ಲಿ ಹೊಳೆಯಿತು.

ಮಾವನದು ಬೇರೆಯೇ ತಕರಾರು. ಅವರ ಎಚ್‌ಎಂಟಿ ಗಡಿಯಾರ ಜಪಾನಿಗೆ ಬಂದ ಮೇಲೂ ಭಾರತದ ಸಮಯವನ್ನೇ ತೋರಿಸುತ್ತಿತ್ತು. ತಿರುಗಿಸಲು ಬಿಟ್ಟಿರಲಿಲ್ಲ, ಬೆಂಗಳೂರಿನ ಮಗಳಿಗೆ ಫೋನ್ ಮಾಡಲು ಅನುಕೂಲ ಎಂಬುದು ಅವರ ಸಮರ್ಥನೆ. ಅವರಿಗೆ ಎಲ್ಲಿ ಹೋದರೂ ನಮ್ಮೂರಿನಲ್ಲಿ ಈಗ ಎಷ್ಟು ಗಂಟೆ ಎಂದು ತಿಳಿಯದೆ ಊಟ ರುಚಿಸುವುದಿಲ್ಲ. ಟ್ಯಾಕ್ಸಿಯ ಬಾಗಿಲು ತಂತಾನೇ ತೆರೆದುಕೊಂಡದ್ದನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದವರು, ಕೂತ ಮೇಲೆ ಗಡಿಯಾರ ನೋಡಿ ಘೋಷಿಸಿದರು: “ಶಿವಮೊಗ್ಗದಲ್ಲಿ ಈಗ ರಾತ್ರಿ ಎರಡು ಗಂಟೆ. ಈ ಹೊತ್ತಲ್ಲಿ ದೇವರನ್ನ ಎಬ್ಬಿಸೋದು ಸರಿಯಲ್ಲ.”

ಹೊರಗೆ ನೋಡಿದರೆ ಸೂರ್ಯ ಏರಿ ಮುಕ್ಕಾಲು ಗಂಟೆಯಾಗಿತ್ತು. ಮೇ ಕೊನೆಯಲ್ಲಿ ಕ್ಯೋಟೊದಲ್ಲಿ ನಾಲ್ಕೂಮುಕ್ಕಾಲಿಗೆಲ್ಲ ಸೂರ್ಯೋದಯ. ಬೇಸಿಗೆಯಲ್ಲಿ ಗಡಿಯಾರ ಮುಂದಕ್ಕೆ ತಿರುಗಿಸುವ ಪದ್ಧತಿ ಈ ದೇಶದಲ್ಲಿಲ್ಲವಾದ್ದರಿಂದ ಬೆಳಕು ಅಷ್ಟು ಬೇಗ ಬಂದು, ಯಾರೂ ಕೇಳುವವರಿಲ್ಲದೆ ಖಾಲಿ ಬೀದಿಗಳ ಮೇಲೆ ಬಿದ್ದಿರುತ್ತದೆ.

ಗೈಡ್ ಫುಶಿಮಿ ಇನಾರಿಯ ದೊಡ್ಡ ಕಮಾನಿನ ಕೆಳಗೆ ಕಾಯುತ್ತಿದ್ದರು. ನಿವೃತ್ತರು, ಬಿಳಿ ಟೋಪಿ, ಒಂದು ಕೈಯಲ್ಲಿ ಪುಟ್ಟ ಬಾವುಟ, ಇನ್ನೊಂದು ಕೈಯಲ್ಲಿ ಲ್ಯಾಮಿನೇಟ್ ಮಾಡಿದ ಚಿತ್ರಗಳ ಫೈಲು. ಅವರು ಸೊಂಟ ಬಗ್ಗಿಸಿ ವಂದಿಸಿದರು. ಮಾವ ಕೈಮುಗಿದರು. ಅವರು ಮತ್ತೆ ಬಗ್ಗಿದರು. ಮಾವ ಮತ್ತೆ ಕೈಮುಗಿದರು. ಇಬ್ಬರೂ ಸಭ್ಯರೇ, ನಿಲ್ಲಿಸುವವರು ಯಾರು? ನಮ್ಮ ಮಗ ನಡುವೆ ಹೋಗಿ ಜಪಾನಿಯಲ್ಲಿ ಏನೋ ಹೇಳಿ ಬಿಡಿಸಿದ. ಇಲ್ಲಿನ ಶಾಲೆಗೆ ಹೋಗುವ ಅವನಿಗೆ ಜಪಾನಿ ಸಲೀಸು, ಕನ್ನಡ ರಜಾದಿನದ ಭಾಷೆ. ಆದರೂ ಅವತ್ತಿನ ದುಭಾಷಿ ಅವನೇ.

ಇನಾರಿ ಭತ್ತದ ದೇವರು. 711ರಲ್ಲಿ ನೆಲೆಯಾದ ಈ ಗುಡಿ ಜಪಾನಿನ ಸಾವಿರಾರು ಇನಾರಿ ಗುಡಿಗಳಿಗೆಲ್ಲ ಮೂಲಸ್ಥಾನ. ಹಗಲಿರುಳೂ ತೆರೆದೇ ಇರುತ್ತದೆ, ಟಿಕೆಟ್ಟಿಲ್ಲ. ಎದುರಿನ ಕೆಂಪು ಮಹಾದ್ವಾರದ ಮುಂದೆ ಗೈಡ್ ನಿಂತು ಬಹಳ ಹೊತ್ತು ಚಿತ್ರ ತೋರಿಸುತ್ತ ವಿವರಿಸಿದರು. ಅತ್ತೆ ಮೊಮ್ಮಗನ ಕಡೆ ತಿರುಗಿದರು. ಅವನೆಂದ: “ಹಿದೆಯೋಶಿ ಅಂತ ಒಬ್ಬ ದೊಡ್ಡ ನಾಯಕ ಅಜ್ಜಿ. ಅವನ ಅಮ್ಮಂಗೆ ಹುಷಾರಿರಲಿಲ್ಲ. ವಾಸಿ ಮಾಡಿದ್ರೆ ಕೊಡ್ತೀನಿ ಅಂತ ದೇವರಿಗೆ ಹೇಳ್ಕೊಂಡಿದ್ನಂತೆ. 1589ರಲ್ಲಿ ಈ ಗೇಟ್ ಕಟ್ಟಿಸಿದ್ನಂತೆ.”

“ಹರಕೆ ಹೊತ್ತಿದ್ದ ಅನ್ನು” ಎಂದರು ಅತ್ತೆ. ದ್ವಾರವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಆಮೇಲೆ ಮಗನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ನಿನ್ನ ಮೊಣಕಾಲಿಗೆ ನೀ-ಕ್ಯಾಪ್ ತರಿಸಿಕೊಟ್ಟಿದೀನಲ್ಲಮ್ಮ” ಎಂದರು ನಮ್ಮನೆಯವರು.

“ನಾನೇನಾದ್ರೂ ಅಂದ್ನಾ?”

ದ್ವಾರದ ಎರಡೂ ಕಡೆ ನರಿಗಳ ವಿಗ್ರಹಗಳು. ಬೆಟ್ಟದ ಉದ್ದಕ್ಕೂ ನರಿಗಳೇ. ಕೊರಳಿಗೆ ಕೆಂಪು ಬಟ್ಟೆ, ಕೆಲವದರ ಬಾಯಲ್ಲಿ ಭತ್ತದ ತೆನೆ, ಕೆಲವದರ ಬಾಯಲ್ಲಿ ಕಣಜದ ಕೀಲಿಕೈ. ನರಿ ದೇವರಲ್ಲ, ದೇವರ ದೂತ ಎಂದು ಗೈಡ್ ಒತ್ತಿ ಹೇಳಿದರು. ಬಂದವರೆಲ್ಲ ಇದನ್ನೇ ತಪ್ಪು ತಿಳಿಯುತ್ತಾರೆಂದು ಕಾಣುತ್ತದೆ. ಅತ್ತೆಗೆ ಆ ಗೊಂದಲವೇ ಬರಲಿಲ್ಲ. “ವಾಹನ” ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಭತ್ತ ತಿನ್ನುವ ಇಲಿಗಳನ್ನು ನರಿ ಹಿಡಿಯುತ್ತದೆ, ಅದಕ್ಕೇ ಅದಕ್ಕೆ ಈ ಗೌರವ ಎಂದೂ ಹೇಳುತ್ತಾರೆ ಎಂದಾಗ ಮಾತ್ರ ಅವರ ಹುಬ್ಬು ಗಂಟಾಯಿತು. “ಹಾಗಾದ್ರೆ ನಮ್ಮ ಗಣಪತಿಗೂ ಇವರಿಗೂ ಆಗಿಬರಲ್ಲ. ಪಕ್ಕಪಕ್ಕ ಇಡಬಾರದು.” ನರಿಗೆ ಇಷ್ಟದ ನೈವೇದ್ಯ ಎಣ್ಣೆಯಲ್ಲಿ ಕರಿದ ತೋಫು ಎಂದು ತಿಳಿದ ಮೇಲೆ ಸಮಾಧಾನವಾಯಿತು. ಗುಡಿಯ ಮುಂದಿನ ಬೀದಿಯಲ್ಲಿ, ಭತ್ತ ಕದಿಯುವ ತಪ್ಪಿಗೆ ಗುಬ್ಬಿಗಳನ್ನು ಕಡ್ಡಿಗೆ ಚುಚ್ಚಿ ಸುಟ್ಟು ಮಾರುವ ಅಂಗಡಿಗಳಿವೆ. ಆರು ಗಂಟೆಗೆ ಅವು ಮುಚ್ಚಿರುತ್ತವೆ. ಮುಂಜಾನೆಯ ಟೂರಿನ ಲಾಭಗಳಲ್ಲಿ ಇದನ್ನೂ ಸೇರಿಸಬೇಕು.

ಬೆಳಗ್ಗೆ ಎದ್ದು ನರಿ ಮುಖ ನೋಡಿದರೆ ಅದೃಷ್ಟ ಎಂಬುದು ನಮ್ಮಲ್ಲಿ ಹಿಂದಿನಿಂದ ಬಂದ ಮಾತು. ಯಾರಿಗಾದರೂ ಕೂತಲ್ಲೇ ಲಾಭವಾದರೆ ‘ಯಾವ ನರಿ ಮುಖ ನೋಡ್ಕೊಂಡು ಎದ್ದಿದ್ಯೋ’ ಎನ್ನುತ್ತೇವೆ. ಶಿವಮೊಗ್ಗದಲ್ಲಿ ಒಂದು ನರಿಯೂ ಸಿಕ್ಕದೆ ಎಪ್ಪತ್ತು ವರ್ಷ ಕಳೆದ ಅತ್ತೆಗೆ ಇಲ್ಲಿ ಹೆಜ್ಜೆಗೊಂದು ಸಿಕ್ಕಿದರೆ ಬಿಡುವರೇ? ಪ್ರತಿಯೊಂದರ ಮುಂದೆಯೂ ನಿಂತು, ಮುಖವನ್ನು ಸರಿಯಾಗಿ ನೋಡಿ, ಮುಂದೆ ನಡೆದರು. ಮಾವ ಗಡಿಯಾರ ಮುಂದೆ ಹಿಡಿದು ತಾಂತ್ರಿಕ ಆಕ್ಷೇಪ ಎತ್ತಿದರು: ರಾತ್ರಿ ಎರಡೂವರೆಗೆ ನೋಡಿದ ನರಿ ಲೆಕ್ಕಕ್ಕೆ ಬರುವುದಿಲ್ಲ. ಅತ್ತೆ ತಿರುಗಿಯೂ ನೋಡದೆ, “ಸೂರ್ಯ ಇರೋ ಕಡೇದೇ ಬೆಳಗ್ಗೆ ಕಣ್ರೀ. ನಿಮ್ಮ ಗಡಿಯಾರ ನೋಡ್ಕೊಂಡು ಸೂರ್ಯ ಹುಟ್ಟಲ್ಲ” ಎಂದರು. ಅಂತಾರಾಷ್ಟ್ರೀಯ ಕಾಲಮಾನದ ಪ್ರಶ್ನೆ ಅಲ್ಲಿಗೆ ಇತ್ಯರ್ಥವಾಯಿತು.

ಇನಾರಿ ಬೆಟ್ಟದ ಹೆಸರುವಾಸಿ ಸಂಗತಿ ಎಂದರೆ ಸಾಲುಸಾಲು ತೋರಿಗಳು, ಕುಂಕುಮಗೆಂಪಿನ ಮರದ ಕಮಾನುಗಳು. ಹತ್ತು ಸಾವಿರದಷ್ಟಿವೆ ಎನ್ನುತ್ತಾರೆ. 233 ಮೀಟರ್ ಎತ್ತರದ ಬೆಟ್ಟದ ತುದಿಯವರೆಗೂ ಹೋಗುತ್ತವೆ. ಹತ್ತುವಾಗ ಎದುರಿಗೆ ಬರೀ ಕೆಂಪು ಕಂಬಗಳು. ತಿರುಗಿ ನೋಡಿದರೆ ಪ್ರತಿ ಕಂಬದ ಬೆನ್ನ ಮೇಲೂ ಕಪ್ಪು ಅಕ್ಷರಗಳು. ಏನು ಮಂತ್ರವೋ ಎಂದುಕೊಂಡು ಅತ್ತೆ ಕಣ್ಣಿಗೊತ್ತಿಕೊಳ್ಳುವುದರಲ್ಲಿದ್ದರು. ಮಗ ಓದಿದ: “ಇದು ಕಂಪನಿ ಹೆಸರು ಅಜ್ಜಿ. ಇದು ದುಡ್ಡು ಕೊಟ್ಟ ತಾರೀಖು.” ವ್ಯಾಪಾರ ಕುದುರಲೆಂದು, ಕುದುರಿದ್ದಕ್ಕೆಂದು, ಅಂಗಡಿಯವರೂ ಕಂಪನಿಯವರೂ ಲಕ್ಷಗಟ್ಟಲೆ ಯೆನ್ ಕೊಟ್ಟು ನಿಲ್ಲಿಸಿದ ಕಮಾನುಗಳಿವು. ಮಾವನಿಗೆ ಕ್ಯೋಟೊ ಒಂದೇ ಏಟಿಗೆ ಅರ್ಥವಾಯಿತು. “ನಮ್ಮೂರ ದೇವಸ್ಥಾನದ ಫ್ಯಾನಿನ ರೆಕ್ಕೆ ಮೇಲೆ ದಾನಿಗಳ ಹೆಸರು ಬರೀತಾರಲ್ಲ, ಹಾಗೇ. ಇವರು ಬುದ್ಧಿವಂತರು, ತಿರುಗದೇ ಇರೋದರ ಮೇಲೆ ಬರೆಸಿದಾರೆ.” ಇದನ್ನು ಗೈಡ್‌ಗೆ ಅನುವಾದಿಸಿ ಹೇಳಲೇಬೇಕೆಂದು ಹಟ ಹಿಡಿದರು. ಮಗ ಹೇಳಿದ. ಗೈಡ್ ಅದನ್ನು ಗಂಭೀರವಾಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಮೊದಲ ಕಮಾನು ಸಾಲು ದಾಟಿದರೆ ಒಂದು ಸಣ್ಣ ಗುಡಿ, ಅದರ ಬಲಕ್ಕೆ ಕಲ್ಲಿನ ದೀಪಗಂಬ, ಅದರ ಮೇಲೊಂದು ದುಂಡುಗಲ್ಲು. ಮನಸ್ಸಿನಲ್ಲಿ ಬೇಡಿಕೊಂಡು ಎತ್ತಬೇಕು. ಅಂದುಕೊಂಡದ್ದಕ್ಕಿಂತ ಹಗುರವಾಗಿದ್ದರೆ ಬೇಡಿಕೆ ಈಡೇರುತ್ತದೆ, ಭಾರವಾಗಿದ್ದರೆ ಕಷ್ಟ. ಗೈಡ್ ಇದನ್ನು ರಹಸ್ಯದ ದನಿಯಲ್ಲಿ ಹೇಳಿದರು. ಆದರೆ ಮಗನ ಮನೆಗೆ ವಿದೇಶಕ್ಕೆ ಬಂದುಹೋಗುವ ತಂದೆತಾಯಿಗಳ ಮುಂದೆ ತೂಕದ ಕಲ್ಲು ಇಡಬಾರದು. ಉಪ್ಪಿನಕಾಯಿ, ಹಪ್ಪಳ, ಮೆಣಸಿನಪುಡಿ ತುಂಬಿದ ಸೂಟ್‌ಕೇಸನ್ನು ಬರೀ ಕೈಯಲ್ಲಿ ಎತ್ತಿ ಇಪ್ಪತ್ಮೂರು ಕೆಜಿ ಮೀರಿದೆಯೇ ಎಂದು ಹೇಳಬಲ್ಲ ಜನ ಅವರು. ಅತ್ತೆ ಸೆರಗು ಸಿಕ್ಕಿಸಿ ಕಲ್ಲನ್ನು ಒಂದು ಗೇಣು ಎತ್ತಿ, ಇಳಿಸಿ, “ಏಳು ಕೆಜಿ. ಕ್ಯಾಬಿನ್ ಬ್ಯಾಗಿಗೆ ಸರಿಹೋಗತ್ತೆ” ಎಂದರು. ಬೇಡಿಕೊಳ್ಳುವುದು ಮರೆತೇಹೋಗಿತ್ತು.

ಅಲ್ಲಿಂದ ಕಿಯೋಮಿಜು ದೇವಾಲಯ. ಬೆಳಗ್ಗೆ ಆರಕ್ಕೇ ತೆರೆಯುವುದರಿಂದ ನಾವು ತಲುಪುವಾಗ ಏರುಬೀದಿಯ ಅಂಗಡಿಗಳೆಲ್ಲ ಮುಚ್ಚಿದ್ದವು. ಯಾರೋ ಅಜ್ಜಿ ಬಾಗಿಲಿಗೆ ನೀರು ಹಾಕುತ್ತಿದ್ದರು. ರಂಗೋಲಿ ಬಿಡಿಸುತ್ತಾರೇನೋ ಎಂದು ಅತ್ತೆ ಒಂದು ನಿಮಿಷ ಕಾದರು. ಬಿಡಿಸಲಿಲ್ಲ.

ಈ ದೇವಾಲಯದ ಮೂಲ 778ರದ್ದು. ಈಗ ನಿಂತಿರುವ ಮುಖ್ಯ ಮಂದಿರ 1633ರಲ್ಲಿ ಮತ್ತೆ ಕಟ್ಟಿದ್ದು. ಬೆಟ್ಟದ ಅಂಚಿನಿಂದ ಹೊರಚಾಚಿದ ಮರದ ಜಗಲಿಯೇ ಇಲ್ಲಿಯ ವಿಶೇಷ. ಹದಿಮೂರು ಮೀಟರ್ ಎತ್ತರದ ಕಂಬಗಳ ಮೇಲೆ, ತೊಲೆಗೆ ತೊಲೆ ತೂರಿಸಿ, ಮೊಳೆಯಿಲ್ಲದೆ ನಿಲ್ಲಿಸಿದ್ದಾರೆ. ಹಿಂದೆ ಹರಕೆ ಹೊತ್ತವರು ಇಲ್ಲಿಂದ ಕೆಳಗೆ ಹಾರುತ್ತಿದ್ದರಂತೆ. ಬದುಕಿ ಉಳಿದರೆ ಕೋರಿಕೆ ಈಡೇರುವುದೆಂಬ ನಂಬಿಕೆ. 234 ಜಿಗಿತಗಳು ದಾಖಲೆಯಲ್ಲಿವೆ, ನೂರಕ್ಕೆ ಎಂಬತ್ತೈದರಷ್ಟು ಮಂದಿ ಬದುಕಿದರು, 1872ರಲ್ಲಿ ಸರ್ಕಾರ ನಿಷೇಧಿಸಿತು ಎಂದು ಗೈಡ್ ಫೈಲ್ ತೆರೆದು ತೋರಿಸಿದರು.

“ಬದುಕಿದವರ ಕೋರಿಕೆ ಈಡೇರ್ತಾ?” ಎಂದು ಕೇಳಿದರು ಮಾವ.

“ಅಲ್ಲಿಂದ ಬೀಳೋವಾಗ ಬೇರೆ ಏನ್ರೀ ಕೋರ್ಕೋತಾರೆ?” ಎಂದರು ಅತ್ತೆ.

ಜಗಲಿಯ ಕೆಳಗೆ ಒತೊವಾ ಎಂಬ ಝರಿ. ನೀರು ಮೂರು ಧಾರೆಯಾಗಿ ಬೀಳುತ್ತದೆ: ಆಯುಸ್ಸಿಗೆ ಒಂದು, ವಿದ್ಯೆಗೆ ಒಂದು, ಪ್ರೀತಿಗೆ ಒಂದು. ಉದ್ದ ಹಿಡಿಕೆಯ ಸೌಟಿನಲ್ಲಿ ಹಿಡಿದು ಕುಡಿಯಬೇಕು. ಮೂರನ್ನೂ ಕುಡಿದರೆ ದುರಾಸೆ ಎಂದು ಗೈಡ್ ಮೊದಲೇ ಎಚ್ಚರಿಸಿದರು. ಅತ್ತೆಯ ಚಿಂತೆ ದುರಾಸೆಯದ್ದಲ್ಲ, ಎಂಜಲಿನದ್ದು. ಒಂದೇ ಸೌಟಿಗೆ ಎಷ್ಟು ಜನ ಬಾಯಿ ಇಟ್ಟಿದ್ದಾರೋ! ಸೌಟುಗಳನ್ನು ಅಲ್ಟ್ರಾವಯಲೆಟ್ ಪೆಟ್ಟಿಗೆಯಲ್ಲಿಟ್ಟು ಶುದ್ಧ ಮಾಡುತ್ತಾರೆ ಎಂದು ನಾನು ಪೆಟ್ಟಿಗೆಯನ್ನೇ ತೋರಿಸಿದೆ. “ಬೆಳಕಿಗೆ ಹಿಡಿದ್ರೆ ಎಂಜಲು ಹೋಗತ್ತೇನಮ್ಮ?” ಎಂದವರು, ಸೌಟು ತೆಗೆದುಕೊಂಡು, ತಲೆ ಹಿಂದಕ್ಕೆ ಬಾಗಿಸಿ, ಒಂದು ಮೊಳ ಮೇಲಿನಿಂದ ತೆಳ್ಳಗೆ ಧಾರೆ ಹಿಡಿದು, ತುಟಿ ಸೋಕದೆ, ಸೀರೆ ಮೇಲೆ ಒಂದು ಹನಿ ಚೆಲ್ಲದೆ, ಗಟಗಟ ಎತ್ತಿ ಕುಡಿದರು. ಸಾಲಿನಲ್ಲಿದ್ದ ಜಪಾನಿ ಹುಡುಗಿಯರ ಬಾಯಿಂದ ‘ಹೇ...’ ಎಂಬ ಉದ್ಗಾರ ಬಂತು. ಗೈಡ್ ಟೋಪಿ ತೆಗೆದರು. ಅಷ್ಟರಲ್ಲಿ ಅತ್ತೆ ಎರಡನೇ ಧಾರೆಗೆ ಸೌಟು ಒಡ್ಡಿ, ಅದನ್ನೂ ಮುಗಿಸಿ, ಮೂರನೆಯದಕ್ಕೆ ಹೋಗಿದ್ದರು. ದುರಾಸೆ ಅಜ್ಜಿ ದುರಾಸೆ ಎಂದು ಮೊಮ್ಮಗ ಜಗ್ಗಿದ. “ಆಯುಸ್ಸು ನಿಮ್ಮಜ್ಜಂಗೆ, ವಿದ್ಯೆ ನಿಂಗೆ, ಇನ್ನೊಂದು ನಿಮ್ಮಪ್ಪ-ಅಮ್ಮಂಗೆ. ನಂಗೆ ಅಂತ ಏನ್ ಕುಡಿದೆ ಹೇಳು?” ಎಂಬ ವಾದಕ್ಕೆ ಜಪಾನಿನ ಧರ್ಮಶಾಸ್ತ್ರದಲ್ಲಿ ಉತ್ತರವಿದ್ದಂತೆ ಕಾಣಲಿಲ್ಲ.

ಮುಂದಿನ ದಾರಿ ಸಿಟಿ ಬಸ್ಸಿನಲ್ಲಿ. ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿ ಸೇರಿ ಟ್ರಾಫಿಕ್ ಕಂಟ್ರೋಲರ್ ಆಗಿ ನಿವೃತ್ತರಾದ ಮಾವನಿಗೆ ದೇವಾಲಯಗಳಿಗಿಂತ ಇದೇ ಮುಖ್ಯ ದರ್ಶನ. ಕ್ಯೋಟೊ ಬಸ್ಸಿನಲ್ಲಿ ಹಿಂಬಾಗಿಲಲ್ಲಿ ಹತ್ತಿ, ಮುಂಬಾಗಿಲಲ್ಲಿ ಇಳಿಯಬೇಕು. ದುಡ್ಡು ಇಳಿಯುವಾಗ: ದೊಡ್ಡವರಿಗೆ 230 ಯೆನ್, ಒಂದೇ ದರದ ವಲಯದೊಳಗೆ ಎಲ್ಲಿಂದ ಎಲ್ಲಿಗಾದರೂ. ಕಂಡಕ್ಟರ್ ಇಲ್ಲ. ಮಾವ ಸೀಟಿನಲ್ಲಿ ಕೂರಲಾರದೆ ಕೂತರು. “ಇಳಿಯೋವಾಗ ದುಡ್ಡಾ? ಇಳಿದು ಓಡಿಹೋದ್ರೆ?” “ಯಾರೂ ಓಡಲ್ಲ ಅಜ್ಜ.” “ಯಾಕೆ ಓಡಲ್ಲ?” ಮೊಮ್ಮಗನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ದಾರಿಯುದ್ದಕ್ಕೂ ಮಾವ ಇಳಿಯುವ ಒಬ್ಬೊಬ್ಬರನ್ನೂ ದುರ್ಬೀನು ಕಣ್ಣಿನಿಂದ ನೋಡಿದರು. ಎಲ್ಲರೂ ಹಾಕಿದರು. ಒಬ್ಬ ‘ವಿದೌಟ್’ ಕೂಡ ಸಿಗಲಿಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಕೊನೆಗೆ ಬಿತ್ತು: ಡ್ರೈವರ್ ಪಕ್ಕದ ಪೆಟ್ಟಿಗೆ ಸಾವಿರ ಯೆನ್ ನೋಟು ನುಂಗಿ ಅಷ್ಟಕ್ಕೂ ಚಿಲ್ಲರೆ ಉದುರಿಸಿತು. ಮೂವತ್ತು ವರ್ಷ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಟ್ಟು ‘ಇಳಿಯೋವಾಗ ತಗೊಳ್ಳಿ’ ಎಂದ ಮನುಷ್ಯ ಆ ಪೆಟ್ಟಿಗೆಯನ್ನು ಬಿಟ್ಟು ಕದಲಲಿಲ್ಲ. ಹಿಂದಿದ್ದವರು ಸದ್ದಿಲ್ಲದೆ ಕಾದರು. ಅದೂ ಮಾವನಿಗೆ ಇಷ್ಟವಾಗಲಿಲ್ಲ; ಒಬ್ಬರಾದರೂ ‘ಮುಂದಕ್ಕೆ ಹೋಗ್ರೀ’ ಅನ್ನಬೇಕಿತ್ತು.

ಸಂಜೂಸಂಗೆನ್‌ದೊ ಈ ಕಾಲದಲ್ಲಿ ಎಂಟೂವರೆಗೆ ತೆರೆಯುತ್ತದೆ. 1164ರಲ್ಲಿ ಕಟ್ಟಿ, ಬೆಂಕಿಗೆ ಸಿಕ್ಕಿ, 1266ರಲ್ಲಿ ಮತ್ತೆ ಕಟ್ಟಿದ ಸುಮಾರು 120 ಮೀಟರ್ ಉದ್ದದ ಮರದ ಮಂದಿರ. ಒಳಗೆ ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ 1001 ಕನ್ನೊನ್ ವಿಗ್ರಹಗಳು ಒಂದೊಂದಾಗಿ ಮೂಡುತ್ತವೆ. ನಡುವೆ ಕೂತ ದೊಡ್ಡದೊಂದು, ಅತ್ತ ಐನೂರು, ಇತ್ತ ಐನೂರು ನಿಂತವು. ಸಾವಿರ ಕೈಗಳ ದೇವತೆ. ಆದರೆ ಕೆತ್ತಿರುವುದು ಎದೆಯ ಮುಂದೆ ಮುಗಿದ ಎರಡು ಬಿಟ್ಟರೆ ನಲವತ್ತೇ. ಒಂದೊಂದು ಕೈ ಇಪ್ಪತ್ತೈದು ಲೋಕಗಳನ್ನು ಕಾಯುತ್ತದೆ, ಹಾಗಾಗಿ ಲೆಕ್ಕ ಸಾವಿರ ಎಂದರು ಗೈಡ್. ಅತ್ತೆ ನನ್ನ ಕಡೆ ನೋಡಿ ತಲೆಯಾಡಿಸಿದರು. ಜಪಾನಿನಲ್ಲಿ ಅವರು ಮರುಪ್ರಶ್ನೆ ಇಲ್ಲದೆ ಒಪ್ಪಿದ ಲೆಕ್ಕ ಇದೊಂದೇ.

ಮುಂದಿನ ಸಾಲಿನಲ್ಲಿ ಇಪ್ಪತ್ತೆಂಟು ಪರಿವಾರ ದೇವತೆಗಳು. ಇಲ್ಲಿ ಗೈಡ್‌ಗೆ ಹೇಳುವುದೇನೂ ಉಳಿಯಲಿಲ್ಲ. ಇಂದ್ರ, ಬ್ರಹ್ಮ ಎಂದು ಅವರು ಮೂಲದ ಹೆಸರು ಹೇಳುತ್ತ ಹೋದಂತೆ ಅತ್ತೆ ‘ಹೌದು, ಹೌದು’ ಎಂದು ಹಾಜರಿ ತೆಗೆದುಕೊಳ್ಳುತ್ತಿದ್ದರು. ಬೌದ್ಧರ ಜೊತೆ ಚೀನಾ, ಕೊರಿಯಾ ದಾಟಿ ಬಂದವರು. “ಟ್ರಾನ್ಸ್‌ಫರ್ ಮೇಲೆ ಬಂದು ಇಲ್ಲೇ ಸೆಟ್ಲ್ ಆದವರು” ಎಂದು ಮಾವ ವಿವರಿಸಿದರು. ತಕರಾರು ಬಂದದ್ದು ಗರುಡನ ಮುಂದೆ. ರೆಕ್ಕೆ ಸರಿ, ಕೊಕ್ಕು ಸರಿ, ಆದರೆ ಕೈಯಲ್ಲಿ ಕೊಳಲು. “ಗರುಡ ಯಾಕೆ ಕೊಳಲು ಊದ್ತಿದಾನೆ? ಅದು ಯಜಮಾನರದ್ದಲ್ವಾ?” ಎಂದು ಅತ್ತೆ ಕೇಳಿದರು. “ಇಲ್ಲಿಗೆ ಬಂದ ಮೇಲೆ ಬಿಡುವಾಗಿರಬೇಕು” ಎಂದರು ಮಾವ.

ಈ ಸಾವಿರದಲ್ಲಿ ಹುಡುಕಿದರೆ ನೀವು ನೋಡಬೇಕೆಂದಿರುವವರ ಮುಖ ಸಿಗುತ್ತದೆ ಎಂಬ ಮಾತಿದೆ. ಅದನ್ನು ಕೇಳಿದ್ದೇ ತಡ, ಅತ್ತೆ ಸಾಲು ಹಿಡಿದರು. ಎಲ್ಲವೂ ಶಾಂತ, ಅರೆಮುಚ್ಚಿದ ಕಣ್ಣು. ಬಹಳ ಹೊತ್ತಿನ ಮೇಲೆ ಒಂದರ ಮುಂದೆ ನಿಂತು ಕೂಗಿದರು: “ಏನ್ರೀ, ಬನ್ನಿ ಇಲ್ಲಿ. ನಿಮ್ಮ ತಂಗಿ.” ಮಾವ ಬಂದು ನೋಡಿದರು. ನಾನೂ ನೋಡಿದೆ. ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕೂರಿಸಿದಾಗ ಆ ತಂಗಿಯ ತುಟಿ ಹೇಗೆ ಒಂದು ಕಡೆ ಇಳಿಯುತ್ತದೋ ಹಾಗೇ ಇತ್ತು. ಮಾವ ಏನೂ ಅನ್ನಲಿಲ್ಲ. ಹಾಗೆ ನೋಡಿದರೆ ಅನ್ನಲು ಉಳಿದದ್ದೂ ಏನಿಲ್ಲ. ಒಳಗೆ ಫೋಟೊ ತೆಗೆಯುವಂತಿಲ್ಲ ಎಂಬ ಫಲಕ ನೋಡಿದಾಗ ಅತ್ತೆಗೆ ಆದಷ್ಟು ಸಂಕಟ ಕ್ಯೋಟೊದಲ್ಲಿ ಬೇರೆ ಯಾವುದರಿಂದಲೂ ಆಗಲಿಲ್ಲ. ಫ್ಯಾಮಿಲಿ ಗ್ರೂಪಿಗೆ ಹಾಕುವಂತಿಲ್ಲ!

ಟೂರ್ ಅಲ್ಲಿಗೆ ಮುಗಿಯಿತು. ಮಾವ ಗೈಡ್ ಕೈಗೆ ನೋಟು ತುರುಕಿದರು. ಅವರು ಎರಡೂ ಕೈಯಲ್ಲಿ ಹಿಡಿದು ವಾಪಸ್ ಕೊಟ್ಟರು. ಈ ದೇಶದಲ್ಲಿ ಟಿಪ್ಸ್ ಇಲ್ಲ ಎಂದು ನಾವು ಟೋಕಿಯೊದಿಂದಲೇ ಹೇಳಿಕೊಂಡು ಬಂದದ್ದು ವ್ಯರ್ಥ. ಅತ್ತೆ ಕೊಟ್ಟ ಚಕ್ಕುಲಿ ಪೊಟ್ಟಣವನ್ನು ಮಾತ್ರ ಅವರು ತಲೆಬಾಗಿ ಸ್ವೀಕರಿಸಿದರು.

ಹಸಿವು ಆಗಲೇ ಹೊಟ್ಟೆ ಸುಡುತ್ತಿತ್ತು. ಇಲ್ಲಿ ನಡೆಯುತ್ತ ತಿನ್ನುವುದು ಸಭ್ಯತೆಯಲ್ಲ, ಕಸದ ಬುಟ್ಟಿಗಳಂತೂ ಕಾಣಸಿಗುವುದಿಲ್ಲ. ಬೆಳಗ್ಗಿನಿಂದ ಬಾಳೆಹಣ್ಣಿನ ಸಿಪ್ಪೆ, ಬಿಸ್ಕತ್ತಿನ ಕವರು, ಕಾಫಿಯ ಪೇಪರ್ ಲೋಟಗಳೆಲ್ಲ ನಮ್ಮನೆಯವರ ಬ್ಯಾಗಿಗೇ ಹೋಗುತ್ತಿದ್ದವು. ಹತ್ತು ನಿಮಿಷ ನಡೆದು ಕಾಮೊ ನದಿಯ ದಂಡೆಗೆ ಬಂದು ಹುಲ್ಲಿನ ಮೇಲೆ ಕೂತೆವು. ತುಪ್ಪ ಸವರಿ ಚಟ್ನಿಪುಡಿ ಉದುರಿಸಿ ಸುತ್ತಿದ ಚಪಾತಿಗಳು ಹೊರಬಂದವು. ನಮ್ಮನೆಯವರು ಚಪಾತಿ ಸುರುಳಿಯನ್ನು ಬೆರಳಿನಂತೆ ಎತ್ತಿ ಹಿಡಿದು, ಎಕ್ಸೆಲ್ ಪ್ರಕಾರ ನಾವು ಹನ್ನೊಂದು ನಿಮಿಷ ಮುಂದಿದ್ದೇವೆ ಎಂದು ವಿವರಿಸತೊಡಗಿದರು.

ಹಿಂದಿನಿಂದ ಬಂದದ್ದು ಯಾರಿಗೂ ಕಾಣಲಿಲ್ಲ. ಬುರ್ರೆಂದು ಗಾಳಿ ಬೀಸಿದಂತಾಯಿತು. ನಮ್ಮನೆಯವರ ಬೆರಳು ಅಲ್ಲೇ ಇದ್ದವು, ಚಪಾತಿ ಇರಲಿಲ್ಲ. ‘ತೊಂಬಿ!’ ಎಂದು ಮಗ ಕಿರುಚಿದ. ಆಗಲೇ ಹದ್ದು ನದಿಯ ಮೇಲೆ, ಚಟ್ನಿಪುಡಿ ಉದುರಿಸುತ್ತ, ಆಚೆ ದಡದ ಕಡೆ ತಿರುಗಿತ್ತು. ಅತ್ತೆ ಎದ್ದು ನಿಂತು ಕೈಮುಗಿದರು. ಗರುಡ ನೈವೇದ್ಯ ತೆಗೆದುಕೊಂಡನೆಂದು ಅವರ ಭಾವನೆ. ಕೊಳಲು ಇರಲಿಲ್ಲ ಎಂಬುದನ್ನೂ ಗಮನಿಸಿದ್ದರು. ಮಾವನ ಮುಖ ಬಸ್ಸಿಳಿದ ಮೇಲೆ ಮೊದಲ ಸಲ ಅರಳಿತು. “ನೋಡಿದ್ಯಾ? ಈ ಊರಲ್ಲೂ ಒಂದು ವಿದೌಟ್ ಗಿರಾಕಿ ಇದೆ.”

ಅಪ್ಪ ಅಮ್ಮನನ್ನು ಕ್ಯೋಟೊಗೆ ಕರೆದೊಯ್ಯುವ ಹೊರನಾಡ ಕನ್ನಡಿಗರು ಮುಂಜಾನೆಯ ಟೂರನ್ನೇ ಹಿಡಿಯಿರಿ. ಎಂಟರೊಳಗೆ ನೋಡಿದ್ದೇ ನೋಡಿದ್ದು. ಹಿರಿಯರು ಏಳುತ್ತಾರೋ ಇಲ್ಲವೋ ಎಂಬ ಚಿಂತೆ ಬೇಡ, ರೂಮಿನ ಕಾರ್ಡ್ ಯಾರ ಹತ್ತಿರ ಇದೆ ನೋಡಿಕೊಂಡರೆ ಸಾಕು. ಬಸ್ಸಿಗೆ ನಾಣ್ಯ ಜೋಡಿಸಿಟ್ಟುಕೊಳ್ಳಿ, ಕಸಕ್ಕೊಂದು ಚೀಲ ಇರಲಿ. ಕಾಮೊ ದಂಡೆಯಲ್ಲಿ ತಿಂಡಿ ಬಿಚ್ಚುವುದಾದರೆ ಮರದ ಕೆಳಗೆ ಕೂರಿ, ಚಪಾತಿಯನ್ನು ಕೈಯಲ್ಲಿ ಎತ್ತಿ ಹಿಡಿದು ಮಾತಿಗೆ ಶುರುಮಾಡಬೇಡಿ.